ಒಲೆ ಹಚ್ಚದ ಅಡುಗೆ

ಹಣ್ಣಿನ ಗಾಡಿಯವನು ಪೇರಲ ಹಣ್ಣೊಂದನ್ನು ಆರಿಸಿ ಮೂಗಿನ ಹತ್ತಿರ ಹಿಡಿದಾಗ ಬಿಲ್ಕೀಸ್ ಕಣ್ಣು ಅರೆಮುಚ್ಚಿ ಉಸಿರೆಳೆದುಕೊಂಡು ತಲೆಯಾಡಿಸಿದಳು. 'ಹೆಂಗೈತೆ ನೋಡ್ರಿ ವಾಸ್ನೆ! ಚೀಲದಾಗ ಇಟ್ಕಂಡ್ರೆ ಬಸ್ಸೆಲ್ಲ ಘಮ್ ಅಂತೈತೆ,' ಎಂದ. 'ಹೌದಪ್ಪ, ಚಲೋ ಐತೆ,' ಎಂದಳು. ಏನೂ ಇರಲಿಲ್ಲ. ಗಾಳಿ ಒಳಗೆ ಹೋಯಿತು, ಹೊರಗೆ ಬಂತು. ತಲೆಯಾಡಿಸಿದ್ದು ತುಸು ಬೇಗ ಆಯಿತೇನೋ ಎಂದು ಅಳುಕಾಯಿತು. ನಿಜವಾಗಿ ವಾಸನೆ ಹಿಡಿದವರು ತಲೆಯಾಡಿಸುವುದಿಲ್ಲ. ಮೊದಲು ಸುಮ್ಮನಾಗುತ್ತಾರೆ, ಆಮೇಲೆ ಮುಖ ಸಡಿಲವಾಗುತ್ತದೆ. ಇದನ್ನು ಈಚೆಗೆ ಬೇರೆಯವರ ಮುಖ ನೋಡಿ ನೋಡಿ ಕಲಿತಿದ್ದಳು. ಪೇರಲ ಬೇಡವೆಂದು ಸೇಬು ಕೇಳಿದಳು, ಕಪ್ಪು ದ್ರಾಕ್ಷಿ ಕೇಳಿದಳು, ದಾಳಿಂಬೆಯನ್ನು ಬೆರಳಿನ ಗೆಣ್ಣಿನಿಂದ ತಟ್ಟಿ ಆರಿಸಿದಳು. ಕೈಗೆ, ಕಣ್ಣಿಗೆ, ಕಿವಿಗೆ ಸಿಗುವ ಹಣ್ಣುಗಳು. ಎಲೆಕೋಸಂತೂ ಇನ್ನೂ ಸುಲಭ. ಅಂಗೈಯಲ್ಲಿ ತೂಗಿದರೆ ಭಾರ ತಿಳಿಯುತ್ತದೆ, ಒತ್ತಿದರೆ ಎಲೆಗಳು ಕಿರ್ ಎನ್ನುತ್ತವೆ, ಬುಡ ಕಪ್ಪಾಗಿದೆಯೋ ಇಲ್ಲವೋ ಯಾರಾದರೂ ನೋಡಬಹುದು.

ಹರಿಹರದಿಂದ ಹೊರಟ ದಾವಣಗೆರೆ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಚೀಲವನ್ನು ತೊಡೆಯ ಮೇಲಿಟ್ಟುಕೊಂಡಳು. ತಮ್ಮ ನಯೀಮ್‌ನ ಮಗಳು ಫಿಜಾಳ ಮದುವೆಯ ತಾರೀಖು ಗೊತ್ತುಮಾಡಲು ಹುಡುಗ ತಾರಿಕ್‌ನ ಮನೆಯವರು ಇವತ್ತು ಮಧ್ಯಾಹ್ನ ಊಟಕ್ಕೆ ಬರುತ್ತಿದ್ದರು. ಇಂಥ ಊಟವೆಂದರೆ ಆ ಮನೆಯಲ್ಲಿ ಬಿಲ್ಕೀಸಳ ಬಿರಿಯಾನಿ ಎಂದೇ ಅರ್ಥ. ಹರಿಹರದ ಅವರ ಓಣಿಯಲ್ಲೂ ಅಷ್ಟೇ. ಯಾರ ಮನೆಯಲ್ಲಿ ಬಿರಿಯಾನಿಯ ಡೇಗು ಒಲೆಯಿಂದ ಇಳಿದರೂ ಬಡಿಸುವ ಮುಂಚೆ ಅವಳನ್ನು ಕರೆಯುತ್ತಿದ್ದರು. ಅವಳು ನಾಲಿಗೆಗೆ ಹಚ್ಚಿಕೊಳ್ಳುತ್ತಲೂ ಇರಲಿಲ್ಲ. ಹಬೆಗೆ ಮುಖವೊಡ್ಡಿ, 'ಏಲಕ್ಕಿ ಜಾಸ್ತಿ ಆತು, ಪುದೀನ ಸಾಲದು, ತಳ ಹಿಡಿಯಾಕತ್ತೈತೆ, ಬೆಂಕಿ ಎಳೀರಿ' ಎನ್ನುತ್ತಿದ್ದಳು. ಮೂಗಿನ ಬಿಲ್ಕೀಸ್ ಎಂದು ಅಡ್ಡಹೆಸರೇ ಬಿದ್ದಿತ್ತು. ಕಳೆದ ಮಳೆಗಾಲದಲ್ಲಿ ಬಂದ ಜ್ವರ ಬಿಟ್ಟಿತು. ಹೋಗುವಾಗ ವಾಸನೆ, ರುಚಿ ಎರಡನ್ನೂ ತೆಗೆದುಕೊಂಡು ಹೋಯಿತು. ಮೊದಲು ಚಹಾಪುಡಿ ಹಳೆಯದೆಂದುಕೊಂಡಳು. ಆಮೇಲೆ ಸೋಪು ನಕಲಿ ಎಂದುಕೊಂಡಳು. ಕೊನೆಗೊಂದು ದಿನ ಗರಂ ಮಸಾಲೆಯ ಡಬ್ಬಿಗೆ ಮುಖ ಹಾಕಿ ಸೀನು ಬರುವ ತನಕ ಎಳೆದುಕೊಂಡಳು. ಕಣ್ಣಲ್ಲಿ ನೀರು ಬಂತು, ಬೇರೇನೂ ಬರಲಿಲ್ಲ. ಕೆಲವರಿಗೆ ತಡವಾಗಿ ಬರುತ್ತದೆ, ಕೆಲವರಿಗೆ ಬರುವುದೇ ಇಲ್ಲ ಎಂದರು ಡಾಕ್ಟರು. ಆ ಮಾತನ್ನು ಮನೆಗೆ ತಂದವಳು ಗಂಡ ಗೌಸ್ ಪೀರ್‌ಗೂ ಹೇಳಲಿಲ್ಲ. ಅಡುಗೆ ಮಾಡಿ ಕೂಲಿ ತೆಗೆದುಕೊಳ್ಳುವವಳಲ್ಲ; ಹೇಳಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಆದರೆ ಜನ ಅವಳನ್ನು ಕರೆಯುತ್ತಿದ್ದುದು ಅದೊಂದಕ್ಕೇ ಅಲ್ಲವೇ? ಅದೂ ಇಲ್ಲವೆಂದರೆ ಗಾದಿ ಹೊಲಿಯುವವನ ಹೆಂಡತಿಗೆ ನೆಂಟರ ಮನೆಯಲ್ಲಿ ಯಾವ ಕೆಲಸ? ಒಂದು ಬೆಳಿಗ್ಗೆ ಗೌಸ್ ಪೀರ್ ಚಹಾದ ಲೋಟದೊಳಗೆ ಒಂದು ಗಳಿಗೆ ನೋಡಿ, ಪೂರ್ತಿ ಕುಡಿದು, ಲೋಟವನ್ನು ತಾನೇ ತೊಳೆದಿಟ್ಟು ಅಂಗಡಿಗೆ ಹೋದ. ಅವನು ಹೋದ ಮೇಲೆ ಜಾಲರಿಯಲ್ಲಿ ಒಡೆದ ಹಾಲಿನ ಹರಳು ಕಂಡವು. ಅವನಿಗೆ ತಿಳಿದಿದೆಯೇ? ತಿಳಿದೂ ಕೇಳುತ್ತಿಲ್ಲವೇ? ಕೇಳದಿರುವುದೇ ಅವಳಿಗೆ ಹೆಚ್ಚು ಭಯ ತಂದಿತ್ತು.

ಬಿರಿಯಾನಿ ಈ ಸಲ ನನ್ನಿಂದ ಆಗುವುದಿಲ್ಲ, ಭುಜ ನೋಯುತ್ತದೆ ಎಂದು ಫೋನಿನಲ್ಲಿ ಹೇಳಿದಾಗ ನಯೀಮ್‌ನ ಹೆಂಡತಿ ಗುಲ್ನಾಜ್ ಒಪ್ಪಿರಲಿಲ್ಲ. 'ಆಪಾ, ನೀವಿದ್ದೂ ಬಾವರ್ಚಿ ಕರೆಸಿದ್ರೆ ಮಂದಿ ಏನಂತಾರೆ? ಮನಿಯಾಗ ಜಗಳ ಐತೆ ಅಂತಾರೆ.' ಆಗ ಫಿಜಾ ಫೋನ್ ಕಸಿದುಕೊಂಡು, 'ಫುಪ್ಪು, ಹಂಗಾದ್ರೆ ನೀವು ಸ್ಲಾ ಸಲಾಡ್ ಮಾಡ್ರಿ. ನಾನು ವಿಡಿಯೋ ಕಳ್ಸಿದ್ನಲ್ಲ, ಕೋಸು, ಹಣ್ಣು ಹಾಕಿ? ಬಿರಿಯಾನಿ ಪಕ್ಕಕ್ಕೆ ತಣ್ಣಗೆ ಇರ್ತೈತೆ,' ಎಂದಿದ್ದಳು. ಒಲೆ ಹಚ್ಚುವುದಿಲ್ಲ, ಒಗ್ಗರಣೆಯಿಲ್ಲ, ತಳ ಹಿಡಿಯುವುದಿಲ್ಲ. ಹೆಚ್ಚಬೇಕು, ಕಲಸಬೇಕು. ಬಿಲ್ಕೀಸ್ ತಕ್ಷಣ ಒಪ್ಪಿದ್ದಳು. ಒಪ್ಪಿದ ಬಿರುಸಿಗೆ ತಾನೇ ನಾಚಿಕೊಂಡಿದ್ದಳು.

ನಯೀಮ್‌ನ ಮನೆ ಮಂಡಕ್ಕಿ ಭಟ್ಟಿಗಳ ಕಡೆಗಿತ್ತು. ಆಟೋದಿಂದ ಇಳಿದಾಗ ಭಟ್ಟಿಯ ಹೊಗೆ ಸೂರುಗಳ ಮೇಲೆ ತೆಳ್ಳಗೆ ಹರಡಿಕೊಂಡಿತ್ತು. ಮೊದಲಾದರೆ ಈ ತಿರುವಿನಲ್ಲೇ ಹುರಿದ ಅಕ್ಕಿಯ ವಾಸನೆ ಎದುರಿಗೆ ಬಂದು ನಿಲ್ಲುತ್ತಿತ್ತು. ಈಗ ಕಣ್ಣು ಮಾತ್ರ ಚುರುಗುಟ್ಟಿತು. ಮನೆಯ ಹಿತ್ತಲಿನಲ್ಲಿ ತಾಡಪಾಲಿನ ಕೆಳಗೆ ಬಿರಿಯಾನಿಗೆಂದು ಕರೆಸಿದ ಬಾವರ್ಚಿ ಕಟ್ಟಿಗೆಯ ಒಲೆ ಹೂಡಿದ್ದ. ಗುಲ್ನಾಜ್ ಹೊಸ ಪರದೆಗಳನ್ನು ಸಿಕ್ಕಿಸುತ್ತಿದ್ದವಳು ಕುರ್ಚಿಯ ಮೇಲಿಂದಲೇ, 'ಬರ್ರಿ ಆಪಾ. ಭುಜ ಹೆಂಗೈತೆ?' ಎಂದಳು. ಯಾವ ಭುಜ ಎಂದು ಹೇಳಿದ್ದೆ? ಬಿಲ್ಕೀಸ್ ಗಾಬರಿಯಿಂದ ಬಲಭುಜವನ್ನು ಮುಟ್ಟಿಕೊಂಡಳು. ಚೀಲ ಅದೇ ಕೈಯಲ್ಲಿತ್ತು. ಗುಲ್ನಾಜ್ ಚೀಲವನ್ನು ನೋಡಿ ಪರದೆಯ ಕಡೆ ತಿರುಗಿದಳು.

ಅಡುಗೆಮನೆಯಲ್ಲಿ ಮನೆಗೆಲಸದ ಊರಮ್ಮ ಗ್ಯಾಸ್ ಒಲೆ ಒರೆಸುತ್ತಿದ್ದಳು. ಬೆಳಗಿನ ಖೀರಿನ ಹಾಲು ಉಕ್ಕಿ ಚೆಲ್ಲಿತ್ತು. 'ಏನ್ ಮಾಡ್ತೀರಿ ಅಕ್ಕಾರು?' 'ಕೋಸಿಗೆ ಹಣ್ಣು ಹಾಕಿ ಮೊಸರಿನಾಗ ಕಲಸೋದು.' 'ಅಂದ್ರ ಕೋಸಂಬರಿ ಅನ್ರಿ,' ಎಂದು ನಕ್ಕ ಊರಮ್ಮ ಬಟ್ಟೆ ಹಿಂಡಿ, ಒಲೆಯ ಮೇಲೆ ಒಣಹಾಕಿ, ಹಿತ್ತಲಿನ ಪಾತ್ರೆಗಳ ಕಡೆಗೆ ಹೋದಳು. ಬಾಗಿಲಿನಿಂದ ಬಾವರ್ಚಿಯ ಹೊಗೆ ಒಳಗೆ ನುಗ್ಗುತ್ತಿತ್ತು. ಬಿಲ್ಕೀಸ್ ಬಾಗಿಲು ಎಳೆದುಕೊಂಡಳು, ಕಿಟಕಿಯನ್ನೂ ಮುಚ್ಚಿದಳು. ಕಟ್ಟೆಯ ತುಂಬ ಡಬ್ಬಿ, ತಟ್ಟೆ. ಅಗಲದ ಬೋಗುಣಿಗೆ ಜಾಗವಿರಲಿಲ್ಲ. ಒಲೆಯ ಮೇಲೆಯೇ ಇಟ್ಟಳು. ಒದ್ದೆ ಬಟ್ಟೆ ಬೋಗುಣಿಯ ಕೆಳಗೆ ಸಿಕ್ಕಿಕೊಂಡಿತು; ಎಳೆದು ಈಚೆಗೆ ಒಗೆದಳು. ಆಮೇಲೆ ಸಣ್ಣ ಮಣೆ ಹಾಕಿಕೊಂಡು ನೆಲದ ಮೇಲೆ ಕೂತು ಈಳಿಗೆಯನ್ನು ಹತ್ತಿರ ಎಳೆದುಕೊಂಡಳು.

ಎಲೆಕೋಸನ್ನು ನಾಲ್ಕು ಹೋಳು ಮಾಡಿದಾಗ ಒಳಗಿನ ಸುರುಳಿಗಳು ಬಿಗಿಯಾಗಿ, ತೇವವಾಗಿ ಕಂಡವು. ಈಳಿಗೆಯ ಮೇಲೆ ಸಣ್ಣಗೆ ನೂಲಿನಂತೆ ಇಳಿಸತೊಡಗಿದಳು. ಕೈ ಮಾತ್ರ ಇನ್ನೂ ತನ್ನದೇ ಆಗಿತ್ತು. ಅದಕ್ಕೆ ಎಷ್ಟು ಒತ್ತಬೇಕು, ಎಲ್ಲಿ ತಿರುಗಿಸಬೇಕು ಎನ್ನುವುದು ಮರೆತಿರಲಿಲ್ಲ. ಹಿತ್ತಲಿನಲ್ಲಿ ಬಾವರ್ಚಿ ಮುಚ್ಚಳ ತೆಗೆದಿರಬೇಕು, ಯಾರೋ 'ಆಹಾ' ಎಂದರು. ಅವನು ಯಾರ ಮುಂದೆ ಚಮಚ ಹಿಡಿದನೋ. ಹರಿಹರದಲ್ಲಿ ಪಕ್ಕದ ಮನೆಯವರ ಮೊಮ್ಮಗನ ಹೆಸರಿಡುವ ದಿನ ಅವಳು ಹಬೆಗೆ ಮುಖವೊಡ್ಡಿ, ಎಲ್ಲರೂ ಕಾಯುತ್ತಿರುವುದನ್ನು ಕಿವಿಯಲ್ಲೇ ಕೇಳುತ್ತ, 'ಸರಿ ಐತೆ' ಎಂದುಬಿಟ್ಟಿದ್ದಳು. ತಳ ಸೀದುಹೋಗಿತ್ತು. ಜನ ಡೇಗಿನ ಕಲಾಯಿಯನ್ನು ಬೈದರು, ಕಟ್ಟಿಗೆಯನ್ನು ಬೈದರು. ಅವಳನ್ನು ಯಾರೂ ಬೈಯಲಿಲ್ಲ. ಒಂದು ಹೋಳು ಮುಗಿಯಿತು, ಇನ್ನೊಂದು ಮುಗಿಯಿತು. ಎರಡು ಹೋಳು ಸಾಕೆನಿಸಿತು. ಹೆಚ್ಚಿದ್ದಕ್ಕೆ ಉಪ್ಪು ಹಾಕಿ ಕೈಯಲ್ಲಿ ಹಿಚುಕಿ ನೀರು ಬಿಡಲೆಂದು ಇಟ್ಟಳು. ಎಲ್ಲೋ ಸುಯ್ ಎಂಬ ಸಣ್ಣ ಸದ್ದು ಬರುತ್ತಿತ್ತು. ಗೋಡೆಯ ಮೇಲಿನ ನೀರಿನ ಫಿಲ್ಟರ್ ತುಂಬುತ್ತಿದೆ ಎಂದುಕೊಂಡಳು. ಮೊಸರಿನ ಪಾತ್ರೆಯ ಬಟ್ಟೆ ತೆಗೆದು ನೋಡಿದಳು. ಬೆಳ್ಳಗಿತ್ತು, ಗಟ್ಟಿಯಾಗಿತ್ತು, ಹುಳಿಯೇರಿದೆಯೋ ಇಲ್ಲವೋ ಬೆಳ್ಳಗಿರುವುದರಿಂದ ತಿಳಿಯುವುದಿಲ್ಲ. ಫಿಜಾಳನ್ನು ಕರೆದು ನೋಡೆನ್ನಬಹುದು. ನೀವೇ ನೋಡ್ರಿ ಫುಪ್ಪು ಎಂದರೆ? ತಲೆಯ ಹಿಂಭಾಗ ಭಾರವಾಗತೊಡಗಿತು. ಸೇಬು ಹೆಚ್ಚುವಾಗ ಕೈ ಒಂದೆರಡು ಸಲ ತಪ್ಪಿತು. ರಾತ್ರಿ ನಿದ್ದೆಯಿಲ್ಲದ್ದಕ್ಕೆ ಎಂದುಕೊಂಡಳು, ಬಸ್ಸಿನ ಬಿಸಿಲಿಗೆ ಎಂದುಕೊಂಡಳು.

ಬಾಗಿಲು ತೆರೆದು ಗುಲ್ನಾಜ್ ಒಳಗೆ ಕಾಲಿಟ್ಟಳು. ಕೈಯಲ್ಲಿ ಲೈಟರ್ ಇತ್ತು. ಅವಳ ಮುಖ ಒಮ್ಮೆಲೇ ಬದಲಾದದ್ದನ್ನು ಬಿಲ್ಕೀಸ್ ಕೆಳಗಿನಿಂದ ನೋಡಿದಳು. ಮೊದಲು ಸುಮ್ಮನಾಯಿತು, ಆಮೇಲೆ ಬಿಳುಚಿಕೊಂಡಿತು. 'ಯಾ ಅಲ್ಲಾ, ಗ್ಯಾಸ್!' ಲೈಟರ್ ಅನ್ನು ಹಿಂದಕ್ಕೆ ಪಡಸಾಲೆಗೆ ಎಸೆದಳು. 'ಫಿಜಾ, ದೂರ ಹೋಗು! ಬಾವರ್ಚಿಗೆ ಬೆಂಕಿ ಆರ್ಸು ಅನ್ರಿ!' ಬಗ್ಗಿ ಸಿಲಿಂಡರಿನ ರೆಗ್ಯುಲೇಟರ್ ತಿರುಗಿಸಿದಳು, ಕಿಟಕಿ ತೆರೆದಳು, ಬಿಲ್ಕೀಸಳ ರಟ್ಟೆ ಹಿಡಿದು ಎಬ್ಬಿಸಿ ಹೊರಗೆ ಎಳೆದಳು. ನೋಯುತ್ತದೆ ಎಂದಿದ್ದ ಅದೇ ಭುಜ. ಹಿತ್ತಲಿನಲ್ಲಿ ಕೆಂಡದ ಮೇಲೆ ನೀರು ಸುರಿದ ಸದ್ದು. ನಯೀಮ್ ಓಡಿಬಂದ. ಪಕ್ಕದ ಮನೆಯ ಪುಷ್ಪಲತಾ, ಸಹಾಯಕ್ಕೆಂದು ಬಂದು ಪಡಸಾಲೆಯಲ್ಲಿ ತಟ್ಟೆ ಒರೆಸುತ್ತಿದ್ದವರು, ಸೆರಗನ್ನು ಮೂಗಿಗೆ ಹಿಡಿದುಕೊಂಡು ಅಂಗಳಕ್ಕೆ ಬಂದರು. ಎಲ್ಲರೂ ಮೂಗು ಮುಚ್ಚಿಕೊಂಡಿದ್ದರು. ಬಿಲ್ಕೀಸಳೂ ತಡವಾಗಿ ದುಪಟ್ಟಾ ಎಳೆದು ಮೂಗಿಗೆ ಹಿಡಿದಳು.

'ಆಪಾ, ನೀವು ಅಲ್ಲೇ ಕೂತಿದ್ರಿ. ಇಷ್ಟೊತ್ತು ವಾಸ್ನೆ ಬರ್ಲಿಲ್ವಾ?' ಎಂದಳು ಗುಲ್ನಾಜ್.

'ನೆಗಡಿ ಆಗೈತೆ,' ಎಂದಳು. ನಾಲಿಗೆ ತಾನಾಗಿಯೇ ಹೇಳಿತು.

ಗುಲ್ನಾಜ್ ಹಿತ್ತಲಿನ ಕಡೆ ತಿರುಗಿದಳು. ಹೆದರಿಕೆ ಸಿಟ್ಟಾಗಲು ಎಷ್ಟು ಹೊತ್ತು? 'ಒಲೆ ಒರೆಸಿದ್ದು ಯಾರು? ಊರಮ್ಮ! ನಾಬ್ ತಿರುಗಿಸಿ ಹಂಗೇ ಬಿಟ್ಟು ಹೋಗಿದೀಯಲ್ಲ, ಮನಿ ಸುಡ್ಬೇಕು ಅಂತಿದ್ಯಾ?'

ಊರಮ್ಮ ಪಾತ್ರೆ ತಿಕ್ಕುವ ಕೈಯಲ್ಲೇ ಎದ್ದು ಬಂದಿದ್ದಳು. 'ನಾ ಬಿಟ್ಟಿಲ್ಲವ್ವ. ನೋಡಿ ಒರೆಸೀನಿ. ಹಂಗೇನರ ಇದ್ರ ನನಿಗೇ ವಾಸ್ನಿ ಬರ್ತಿದ್ದಿಲ್ಲೇನು? ಈ ಅಕ್ಕಾರು ಅಲ್ಲೇ ಇದ್ರು, ಕೇಳ್ರಿ ಬೇಕಾರ.'

ಎಲ್ಲರೂ ಬಿಲ್ಕೀಸಳ ಕಡೆ ತಿರುಗಿದರು. ಊರಮ್ಮನ ಕಣ್ಣು ಅವಳ ಮೇಲೆ ನಿಶ್ಚಿಂತೆಯಿಂದ ನಿಂತಿತ್ತು, ಈಗಲೇ ಹೌದೆನ್ನುತ್ತಾರೆ ಎನ್ನುವ ಹಾಗೆ. ಬೋಗುಣಿಯ ಕೆಳಗೆ ಸಿಕ್ಕಿದ ಒದ್ದೆ ಬಟ್ಟೆ, ಎಳೆದಾಗ ಎಲ್ಲೋ ತಡೆದು ಆಮೇಲೆ ಬಿಟ್ಟುಕೊಂಡದ್ದು ಬಿಲ್ಕೀಸಳ ಕೈಗೆ ನೆನಪಾಯಿತು. ಬುದ್ಧಿಗಿಂತ ಮೊದಲು ಕೈಗೆ. ಆ ಹಳೆಯ ಒಲೆಯ ನಾಬ್‌ಗಳು ಸವೆದು ಸಡಿಲವಾಗಿದ್ದವು. 'ನಾನು ನೋಡ್ಲಿಲ್ಲ,' ಎಂದಳು.

ಅದು ಸುಳ್ಳಲ್ಲ. ನೋಡಿರಲಿಲ್ಲ, ನಿಜ. ಊರಮ್ಮ ಅವಳನ್ನೇ ಇನ್ನೊಂದು ಗಳಿಗೆ ನೋಡಿದಳು. 'ನಾಳಿಂದ ಬರಬ್ಯಾಡ,' ಎಂದಳು ಗುಲ್ನಾಜ್. ನಯೀಮ್, 'ಇವತ್ತು ಬ್ಯಾಡ ಬಿಡು, ಮಂದಿ ಬರೋ ಹೊತ್ತು,' ಎಂದ. ಪುಷ್ಪಲತಾ ಸೆರಗನ್ನು ಮೂಗಿನಿಂದ ಇಳಿಸಿದರು. ಊರಮ್ಮನನ್ನು ಈ ಮನೆಗೆ ಗೊತ್ತುಮಾಡಿಕೊಟ್ಟವರು ಅವರೇ. ಊರಮ್ಮ ನಲ್ಲಿಯಲ್ಲಿ ಮೊಣಕೈವರೆಗೆ ಕೈ ತೊಳೆದುಕೊಂಡು, ಸೆರಗಿಗೆ ಒರೆಸಿಕೊಂಡು, ಹಿಂದಿನ ಗೇಟಿನಿಂದ ಪುಷ್ಪಲತಾರ ಮನೆಯ ಕಡೆ ಹೋದಳು. ಅಲ್ಲಿಯೂ ಅವಳಿಗೆ ಪಾತ್ರೆಗಳಿದ್ದವು.

ಗ್ಯಾಸೆಲ್ಲ ಹೋಗಿ, ಬಾವರ್ಚಿ ಮತ್ತೆ ಬೆಂಕಿ ಹೂಡಿಕೊಂಡ ಮೇಲೆ ಬಿಲ್ಕೀಸ್ ಬೋಗುಣಿಯ ಮುಂದೆ ನಿಂತಳು. ಕೋಸು ನೀರು ಬಿಟ್ಟಿತ್ತು. ಹಿಂಡಿ ತೆಗೆದು, ಸೇಬು, ದ್ರಾಕ್ಷಿ, ದಾಳಿಂಬೆಯ ಕಾಳು ಸುರಿದು, ಮೊಸರಿಗೆ ನಿಂಬೆ, ಕಾಳುಮೆಣಸು, ಒಂದಿಷ್ಟು ಸಕ್ಕರೆ, ಉಪ್ಪು ಹಾಕಿ ಕಲಸಿದಳು. ಉಪ್ಪು ಮೊದಲೇ ಹಾಕಿದ್ದೆನೇ? ಹಾಕಿದ್ದು ತಿರುಗಿ ಹಿಂಡಿದ ನೀರಿನಲ್ಲಿ ಹೋಯಿತೇ? ಬೆರಳನ್ನು ನಾಲಿಗೆಗೆ ಮುಟ್ಟಿಸಿದಳು. ತಣ್ಣಗಿತ್ತು. ನಾನು ನೋಡಲಿಲ್ಲ ಎಂದಾಗ ಊರಮ್ಮನ ಮುಖದಲ್ಲಿ ಸಿಟ್ಟು ಬಂದಿದ್ದರೆ ವಾಸಿಯಿತ್ತು. ಅವಳು ಗೊಂದಲಗೊಂಡಿದ್ದಳು. ದಾರಿಯಲ್ಲಿ ಗುರುತಿನವರು ಗುರುತು ಹಿಡಿಯದೆ ಹೋದಾಗ ಆಗುತ್ತದಲ್ಲ, ಹಾಗೆ. ಬಿಲ್ಕೀಸ್ ಒಲೆಯ ಹತ್ತಿರ ಹೋಗಿ ಆ ನಾಬನ್ನು ಒಂದು ಬೆರಳಿನಿಂದ ಸೋಕಿದಳು. ಸುಲಭವಾಗಿ ತಿರುಗಿತು. ಮತ್ತೆ ಮುಚ್ಚಿದಳು. ಮಧ್ಯಾಹ್ನ ಕಳೆಯಲಿ, ಊಟ ಮುಗಿಯಲಿ, ಆಮೇಲೆ ಗುಲ್ನಾಜಳನ್ನು ಒಬ್ಬಳನ್ನೇ ಕರೆದು ಹೇಳಬಹುದು. ಆಮೇಲೆ ಎಂದರೆ ಎಂದೂ ಇಲ್ಲ ಎಂದು ಅವಳಿಗೆ ಗೊತ್ತಿತ್ತು. ಜ್ವರ ಬಿಟ್ಟ ದಿನದಿಂದ ಆಮೇಲೆ ಎನ್ನುತ್ತಲೇ ಬಂದಿದ್ದಳು. ಕೈ ತೊಳೆದುಕೊಂಡು ಪಡಸಾಲೆಗೆ ಬಂದಳು.

'ಗುಲ್ನಾಜ್, ಊರಮ್ಮಂದು ತಪ್ಪಿಲ್ಲ. ನಾನು ಬಟ್ಟೆ ಎಳೆದಾಗ ನಾಬ್ ತಿರುಗಿರ್ಬೇಕು. ನನಿಗೆ ವಾಸ್ನೆ ಬರಲ್ಲ. ನೆಗಡಿ ಅಲ್ಲ. ಹೋದ ಮಳೆಗಾಲದಿಂದ ಬರಲ್ಲ. ರುಚೀನೂ ಗೊತ್ತಾಗಲ್ಲ.'

ಗುಲ್ನಾಜ್ ಪರದೆಯ ಮಡಿಕೆ ಸರಿಮಾಡುತ್ತಿದ್ದವಳು ತಿರುಗಿ ನೋಡಿ ನಕ್ಕಳು. 'ಆಕಿನ್ನ ಉಳಿಸೋದಕ್ಕೆ ಹೇಳ್ತೀರೇನು? ನಿಮಗೆ? ಮೂಗಿಲ್ಲ ಅಂದ್ರೆ ಯಾರು ನಂಬ್ತಾರೆ?' ನಯೀಮ್ ಕೂಡ ನಕ್ಕ. 'ಬೇಕಾದ್ರೆ ನೋಡು,' ಎಂದಳು ಬಿಲ್ಕೀಸ್. ಅದೊಂದು ಮಾತು ಆಡಬಾರದಿತ್ತು. ಗುಲ್ನಾಜ್ ನಿಜವಾಗಿಯೂ ಒಳಗೆ ಹೋಗಿ ಅತ್ತರಿನ ಸೀಸೆ ತಂದಳು. 'ಕಣ್ ಮುಚ್ರಿ.' ಬಿಲ್ಕೀಸ್ ಸೋಫಾದ ತುದಿಯಲ್ಲಿ ಕಣ್ಣು ಮುಚ್ಚಿ ಕೂತಳು. ಮೂಗಿನ ಕೆಳಗೆ ಏನೋ ಬಂದು ಹೋಯಿತು. 'ಏನು?' 'ಗೊತ್ತಿಲ್ಲ.' 'ಇದು?' 'ಗೊತ್ತಿಲ್ಲ.' 'ಈಗ?' ಒಂದು ಸಲ ತಂಪಾದ ಗಾಜು ಮೇಲ್ತುಟಿಗೆ ತಗಲಿತು. ಆಮೇಲೆ ಕಣ್ಣಿನಲ್ಲಿ ಉರಿ ಬಂತು, ಈರುಳ್ಳಿ ಇರಬೇಕೆಂದುಕೊಂಡಳು. ಉರಿಯನ್ನು ಹಿಡಿದು ಈರುಳ್ಳಿ ಎಂದುಬಿಡಬಹುದಿತ್ತು. ಹೇಳಲಿಲ್ಲ. ನಗು ನಿಂತುಹೋಗಿತ್ತು. 'ಅಮ್ಮೀ, ಸಾಕು ಬಿಡು,' ಎನ್ನುವ ಫಿಜಾಳ ದನಿ ಕೇಳಿ ಕಣ್ಣು ತೆರೆದರೆ, ಗುಲ್ನಾಜಳ ಕೈಯಲ್ಲಿ ಬಚ್ಚಲು ತೊಳೆಯುವ ಫಿನಾಯಿಲಿನ ಬಾಟಲಿಯಿತ್ತು. ನಯೀಮ್ ಅಕ್ಕನನ್ನು ನೋಡದೆ ಕಿಟಕಿಯ ಹೊರಗೆ ನೋಡುತ್ತಿದ್ದ.

ಗುಲ್ನಾಜ್ ಬಾಟಲಿಯ ಮುಚ್ಚಳ ತಿರುಗಿಸಿದಳು. ಅವಳ ಮುಖದಲ್ಲಿ ಕನಿಕರವಿತ್ತು. ಕನಿಕರದ ಹಿಂದೆಯೇ ಲೆಕ್ಕಾಚಾರ ಓಡುತ್ತಿತ್ತು. 'ಆಪಾ, ಇವತ್ತು ಯಾರ ಮುಂದೂ ಇದನ್ನ ತೆಗೀಬ್ಯಾಡ್ರಿ. ಏನ್ ಕಾಯಿಲೆ, ಮನೆತನದಾಗ ಐತೇನು ಅಂತ ಕೇಳ್ತಾರೆ. ಫಿಜಾಳ ಬದುಕಿನ ಮಾತಿದು. ಊರಮ್ಮನ ಜೊತೆ ನಾಳೆ ನಾನು ಮಾತಾಡ್ತೀನಿ.'

ನಾಳೆ. ಬಿಲ್ಕೀಸ್ ಚಪ್ಪಲಿ ಮೆಟ್ಟಿಕೊಂಡು ಹಿಂದಿನ ಗೇಟಿನಿಂದ ಪುಷ್ಪಲತಾರ ಹಿತ್ತಲಿಗೆ ಹೋದಳು. ಊರಮ್ಮ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ಕುಕ್ಕರ್ ತಿಕ್ಕುತ್ತಿದ್ದಳು. ಬಿಲ್ಕೀಸ್ ನಿಂತುಕೊಂಡೇ ಎಲ್ಲವನ್ನೂ ಹೇಳಿದಳು. ಬಟ್ಟೆ, ನಾಬ್, ಜ್ವರ, ಮೂಗು. ಹೇಳುತ್ತ ಹೋದಂತೆ ಅದು ತಪ್ಪೊಪ್ಪಿಗೆಗಿಂತ ತನ್ನ ಕಷ್ಟದ ಕತೆಯಂತೆ ಕೇಳತೊಡಗಿತು. ಅವಳಿಗೇ ಅಸಹ್ಯವಾಗಿ ನಿಲ್ಲಿಸಿದಳು. ಊರಮ್ಮ ತಿಕ್ಕುವುದನ್ನು ನಿಲ್ಲಿಸಿರಲಿಲ್ಲ.

'ಮೂಗಿಗೆ ಏನೋ ಆಗೈತೆ ಅಂದ್ರಿ, ಪಾಪ, ಆಗ್ಲಿ. ಆಗ ಬಾಯಿಗೇನಾಗಿತ್ರಿ ಅಕ್ಕಾರ?'

'ಹೆದರಿಕೆ ಆತು.'

'ನನಿಗೂ ಆತು. ಮನಿ ಸುಡಾಕ ಬಂದಾಕಿ ಅಂದ್ರು, ಓಣಿ ಮಂದಿ ಕೇಳಿದ್ರು. ನಾ ಇನ್ನೂ ನಾಕು ಮನಿ ಕೆಲ್ಸ ಮಾಡ್ಬೇಕು.' ಕುಕ್ಕರಿನ ಮೇಲೆ ನೀರು ಸುರಿದಳು. 'ಮಂದಿ ಮುಂದ ಅಂದಿದ್ದು. ನೀವು ಇಲ್ಲಿ ಹಿತ್ತಲಾಗ ಬಂದು ಹೇಳಿದ್ರ ಅದು ಹೋಗಂಗಿಲ್ರಿ.' ಆಮೇಲೆ ಮುಂದಿನ ಪಾತ್ರೆ ಎಳೆದುಕೊಂಡಳು. ಬೀದಿಯಲ್ಲಿ ಕಾರು ನಿಂತ ಸದ್ದು, ನಯೀಮ್‌ನ ಎತ್ತರದ ಸಲಾಂ ಕೇಳಿದವು.

ಗಂಡಸರಿಗೆ ಪಡಸಾಲೆಯಲ್ಲಿ, ಹೆಂಗಸರಿಗೆ ಒಳಕೋಣೆಯಲ್ಲಿ ಊಟಕ್ಕೆ ದಸ್ತರ್‌ಖಾನ್ ಹಾಸಿದ್ದರು. ತಾರಿಕ್‌ನ ತಾಯಿ ದಪ್ಪ ಕನ್ನಡಕದ, ನಿಧಾನ ಮಾತಿನ ಹೆಂಗಸು. ಅವರ ಪಕ್ಕದಲ್ಲಿ ಅವರ ತಂಗಿ, ಎದುರಿಗೆ ಪುಷ್ಪಲತಾ. ಗುಲ್ನಾಜ್ ಬಿರಿಯಾನಿಯ ತಾಟು ಇಟ್ಟಳು, ಮಾಂಸ ತಿನ್ನದ ಪುಷ್ಪಲತಾರಿಗೆ ಬೇರೆ ಅನ್ನ ಇಟ್ಟಳು. ಬಿಲ್ಕೀಸ್ ಬೋಗುಣಿ ಹಿಡಿದು ಮಂಡಿಯೂರಿ ಒಬ್ಬೊಬ್ಬರಿಗೆ ಒಂದು ಚಮಚ ಬಡಿಸುತ್ತ ಬಂದಳು. ಬಿಳಿಯ ಕೋಸಿನಲ್ಲಿ ದಾಳಿಂಬೆ, ದ್ರಾಕ್ಷಿ ಚೆಂದ ಕಾಣುತ್ತಿದ್ದವು. ಕಾಣುವುದಕ್ಕೇನು. 'ಇದೇನೋ ಹೊಸ ನಮೂನೆ ಐತಲ್ಲ,' ಎಂದರು ತಾರಿಕ್‌ನ ತಾಯಿ. 'ನಮ್ಮ ನಣಂದ್ ಮಾಡಿದ್ದು. ಹರಿಹರದಾಗ ಇವರ ಕೈ ಅಡುಗಿ ಅಂದ್ರೆ ಭಾಳ ಹೆಸರು,' ಎಂದಳು ಗುಲ್ನಾಜ್, ಬಿಲ್ಕೀಸಳ ಕಣ್ಣು ತಪ್ಪಿಸಿ. 'ಹೌದು, ಒಳಗ ಬರಬೇಕಾದ್ರೆ ಗ್ಯಾಸ್ ವಾಸ್ನೆ ಬಂದಂಗಾತು?' ಎಂದು ಕೇಳಿದರು ತಾರಿಕ್‌ನ ತಾಯಿ.

'ಅಯ್ಯೋ, ಅದಾ? ಕೆಲ್ಸದಾಕಿ ಒಲೆ ಒರೆಸಿ ನಾಬ್ ಬಿಟ್ಟು ಹೋಗಿದ್ಲು. ಇಂಥೋರ್ನ ಇಟ್ಕೋಬಾರದು ಅಂತ ಬಿಡಿಸಿಬಿಟ್ಟೆ.'

ಪುಷ್ಪಲತಾ ತಟ್ಟೆ ನೋಡುತ್ತಿದ್ದರು. ಬಿಲ್ಕೀಸಳ ಕೈಯ ಚಮಚ ಬೋಗುಣಿಯ ಅಂಚಿಗೆ ತಗಲಿ ಸದ್ದಾಯಿತು. ಫಿಜಾ ಬಾಗಿಲಲ್ಲಿ ನೀರಿನ ಜಗ್ಗು ಹಿಡಿದು ನಿಂತಿದ್ದಳು, ತಲೆಯ ಮೇಲೆ ಹೊಸ ದುಪಟ್ಟಾ. ಈ ಹುಡುಗಿಗೆ ಏನಾದರೂ ಆದರೆ? ಆದರೆ ಈಗ ಸುಮ್ಮನಿದ್ದರೆ ಇನ್ನು ಮೇಲೆ ಎಲ್ಲಿ ಮಾತಾಡುವುದು?

'ಕೆಲ್ಸದಾಕಿ ಅಲ್ರಿ,' ಎಂದಳು. ದನಿ ಸಣ್ಣಗೆ ಬಂತು, ಮತ್ತೊಮ್ಮೆ ಹೇಳಿದಳು. 'ಊರಮ್ಮ ಅಲ್ಲ. ನನ್ನ ಕೈಯಿಂದ ಆದದ್ದು. ಅಲ್ಲೇ ಕೂತಿದ್ರೂ ನನಿಗೆ ಗೊತ್ತಾಗ್ಲಿಲ್ಲ. ಹೋದ ವರ್ಷ ಜ್ವರ ಬಂದು ವಾಸ್ನೆ, ರುಚಿ ಎರಡೂ ಹೋಗ್ಯಾವೆ. ಆಗ್ಲೇ ಹೇಳ್ಬೇಕಿತ್ತು, ಹೇಳ್ಲಿಲ್ಲ. ಆಕಿ ಮೇಲೆ ಬಂತು.'

ಗುಲ್ನಾಜ್ ಕಣ್ಣು ಮುಚ್ಚಿಕೊಂಡಳು. ಪಡಸಾಲೆಯಲ್ಲಿ ಗಂಡಸರು ಯಾವುದೋ ಮಾತಿಗೆ ನಗುತ್ತಿದ್ದರು. ತಾರಿಕ್‌ನ ತಾಯಿ ತಮ್ಮ ತಟ್ಟೆಯ ಕೋಸನ್ನು ನೋಡಿದರು, ಬಿಲ್ಕೀಸಳನ್ನು ನೋಡಿದರು.

'ಹಂಗಾದ್ರೆ ಇದರ ಉಪ್ಪು ಯಾರು ನೋಡಿದ್ರು?'

'ಯಾರೂ ನೋಡಿಲ್ಲ.'

ಅವರು ಬೆರಳುಗಳಲ್ಲಿ ತುಸು ತೆಗೆದು ಬಾಯಿಗಿಟ್ಟುಕೊಂಡರು. ಕೋಸು ಅವರ ಹಲ್ಲಿನಲ್ಲಿ ಕರುಂ ಕರುಂ ಎನ್ನುವುದು ಕೋಣೆಯಲ್ಲೆಲ್ಲ ಕೇಳಿಸಿತು. ನಿಧಾನವಾಗಿ ನುಂಗಿ, ನೀರು ಕುಡಿದರು. 'ಉಪ್ಪು ಭಾಳ ಆಗೈತಿ ಅಕ್ಕಾ. ಹಿಂಗೇ ತಿನ್ನಕ್ಕಾಗಲ್ಲ.'

ಅವರ ತಂಗಿ 'ಛೆ, ಏನಕ್ಕಾ' ಎಂದಳು. ಬಿಲ್ಕೀಸ್ ಮುಂದಕ್ಕೆ ಬಾಗಿದ್ದಳು. 'ಮೊಸರು?'

'ಮೊಸರು ಚಲೋ ಐತೆ, ಹುಳಿ ಇಲ್ಲ. ಉಪ್ಪೇ. ಕೋಸು ಇನ್ನೂ ಐತೇನು?'

ಐತೆ ಎಂದು ಎದ್ದಳು. ತಟ್ಟೆಗಳಲ್ಲಿ ಬಡಿಸಿದ್ದನ್ನೆಲ್ಲ ಒಬ್ಬೊಬ್ಬರ ಮುಂದಿನಿಂದ ತಿರುಗಿ ಬೋಗುಣಿಗೆ ತೆಗೆದುಕೊಂಡಳು, ಬಡಿಸಿದ್ದನ್ನು ಹಿಂದಕ್ಕೆ ತೆಗೆಯುವ ನಾಚಿಕೆ ಕಿವಿಯವರೆಗೆ ಏರುತ್ತಿದ್ದರೂ ನಿಲ್ಲಲಿಲ್ಲ. ಅದನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು, ಉಳಿದಿದ್ದ ಹೋಳುಗಳನ್ನು ಈಳಿಗೆಗೆ ಒಡ್ಡಿದಳು. ಅವಸರಕ್ಕೆ ಈ ಸಲ ದಪ್ಪ ದಪ್ಪ ಬಿದ್ದವು. ಹೊಸ ಬೋಗುಣಿಯಲ್ಲಿ ಸೇಬು, ಮೊಸರು ಹಾಕಿ ಕಲಸಿ, ಉಪ್ಪಿನ ಡಬ್ಬಿಯನ್ನು ಜೊತೆಗೇ ಹಿಡಿದು ಬಂದು ತಾರಿಕ್‌ನ ತಾಯಿಯ ಮುಂದೆ ಕೂತಳು. ಅವರು ನೋಡಿ 'ಒಂದು ಚಿಟಿಕೆ' ಎಂದರು. ಹಾಕಿದಳು. 'ಇನ್ನು ಅರ್ಧ.' ಹಾಕಿದಳು. 'ಸಾಕು. ಈಗ ಸರಿ ಐತೆ.' ಬಿಲ್ಕೀಸ್ ಅದನ್ನು ನಂಬಿದಳು. ಎಷ್ಟೋ ತಿಂಗಳಿಂದ ಯಾರು ಚೆನ್ನಾಗಿದೆ ಎಂದರೂ ನಂಬಿಕೆ ಬಂದಿರಲಿಲ್ಲ.

ತಾರೀಖು ಗೊತ್ತಾಯಿತು. ಹೋಗುವಾಗ ತಾರಿಕ್‌ನ ತಾಯಿ ಫಿಜಾಳ ಗಲ್ಲ ಸವರಿದರು. ಕಾಯಿಲೆಯ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಮನೆಗೆ ಹೋದ ಮೇಲೆ ಏನು ಮಾತಾಡಿಕೊಳ್ಳುತ್ತಾರೋ ಯಾರಿಗೆ ಗೊತ್ತು. ಪುಷ್ಪಲತಾ ತಮ್ಮ ಮನೆಗೆ ಹೋಗಿ ಬಂದವರು ಬಿಲ್ಕೀಸಳನ್ನು ಪಕ್ಕಕ್ಕೆ ಕರೆದು, 'ಒಳಗ ಆದದ್ದೆಲ್ಲ ಊರಮ್ಮಂಗೆ ಹೇಳ್ದೆ,' ಎಂದರು. 'ಏನಂದ್ಲು?' 'ಏನೂ ಅನ್ಲಿಲ್ಲ. ಕೇಳಿಸ್ಕಂಡ್ಲು. ಬರೋದು ಬಿಡೋದು ಆಕಿಗೆ ಬಿಟ್ಟಿದ್ದು.'

ಹಿತ್ತಲಿನ ತುಂಬ ಪಾತ್ರೆಗಳು ಬಿದ್ದಿದ್ದವು. ಬಿಲ್ಕೀಸ್ ತೋಳು ಮಡಿಚಿಕೊಂಡು ಕಲ್ಲಿನ ಮುಂದೆ ಕೂತಳು. ತಾಟುಗಳು, ಲೋಟಗಳು, ಬೋಗುಣಿಗಳು. ಗೇಟು ಸದ್ದಾದಾಗೆಲ್ಲ ತಿರುಗಿ ನೋಡಿದಳು. ಊರಮ್ಮ ಬರಲಿಲ್ಲ. ಬಿಸಿಲು ಗೋಡೆ ದಾಟುವ ಹೊತ್ತಿಗೆ ಗುಲ್ನಾಜ್ ಬಂದು ಬಾಗಿಲಿಗೆ ಒರಗಿ ನಿಂತಳು.

'ಈಗ ಸಮಾಧಾನ ಆತಾ ಆಪಾ?'

'ಇಲ್ಲ,' ಎಂದಳು ಬಿಲ್ಕೀಸ್. ಮಾಂಸ ನೆನೆಹಾಕಿದ್ದ ದೊಡ್ಡ ಪಾತ್ರೆಯನ್ನು ತೊಳೆದು, ನೀರು ಬಸಿದು, ಗುಲ್ನಾಜಳ ಕಡೆಗೆ ಎತ್ತಿ ಹಿಡಿದಳು. 'ಇದನ್ನ ಮೂಸಿ ನೋಡು. ವಾಸ್ನೆ ಹೋಗೈತಾ?'

ಗುಲ್ನಾಜ್ ಮೆಟ್ಟಿಲಿಳಿದು ಬಂದು, ಪಾತ್ರೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಒಳಗೆ ಮುಖ ಹಾಕಿದಳು.

'ಇನ್ನೂ ಐತೆ,' ಎಂದಳು. 'ಇನ್ನೊಂದು ಸಲ ತಿಕ್ರಿ.'